ಸಾಲದು, ಪರವಾಗಿಲ್ಲ, ಸಾಕಾಗಿದೆ

ಏನಾದರೂ ಅನ್ನಿಸುತ್ತಿದೆಯೇ ಎಂದು ಹಲ್ಲಿನ ಡಾಕ್ಟರು ಕೇಳಿದಾಗ ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಯೋಚಿಸಿದ. ಕೆಳದವಡೆಯ ಎಡಬದಿಯಲ್ಲಿ ಸೂಜಿ ಇಳಿದು ಹೊರಬಂದಾಗಿತ್ತು. ತುಟಿ, ಯಾರೋ ಮರೆತು ಬಿಟ್ಟುಹೋದ ರಬ್ಬರಿನ ತುಂಡಿನ ಹಾಗೆ ಮುಖಕ್ಕೆ ಅಂಟಿಕೊಂಡಿತ್ತು. ನಾಲಗೆಯ ಅರ್ಧ ಮನೆಯಲ್ಲಿದ್ದು ಇನ್ನರ್ಧ ರಜೆ ಹಾಕಿ ಹೋದಂತಿತ್ತು. ಆದರೆ ಡಾಕ್ಟರ ಪ್ರಶ್ನೆ ದವಡೆಯನ್ನು ದಾಟಿ ಎಲ್ಲೆಲ್ಲೋ ಸುತ್ತಾಡಿ ಬಂತು. ಮಧ್ಯಾಹ್ನ ವಿಶ್ವವಿದ್ಯಾಲಯದ ಸಭೆಯಿತ್ತು. ಸಂಜೆಯ ತರಗತಿಗಳನ್ನು ಮುಚ್ಚಿ ಎಲ್ಲ ಪಾಠವನ್ನೂ ಮೊಬೈಲಿಗೇ ಸಾಗಿಸಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗಬೇಕಿತ್ತು. ಆ ತೀರ್ಮಾನ ನಿಂತಿದ್ದುದು ಅವನು ಮಾಡಿದ ಸಮೀಕ್ಷೆಯ ಮೇಲೆ, ಸಮೀಕ್ಷೆ ನಿಂತಿದ್ದುದು ಒಂದು ಪದದ ಮೇಲೆ, ಆ ಪದವೋ ಯಾವುದರ ಮೇಲೂ ನಿಂತಿರಲಿಲ್ಲ, ಅವನು ಅದನ್ನು ತಮಾಷೆಗೆ ಇಟ್ಟಿದ್ದ. ಎದ್ದು ನಿಂತು ಹೇಳಬೇಕು, ಹೇಳುತ್ತೇನೆ ಎಂದು ತಂಗಿಗೆ ಮಾತು ಕೊಟ್ಟಾಗಿದೆ. ಇದರ ಬಗ್ಗೆ ಏನಾದರೂ ಅನ್ನಿಸುತ್ತಿದೆಯೇ? "ಏನೂ ಅನ್ನಿಸ್ತಿಲ್ಲ," ಎಂದ. "ವೆರಿ ಗುಡ್," ಎಂದರು ಡಾಕ್ಟರು ಇಕ್ಕಳ ಎತ್ತಿಕೊಳ್ಳುತ್ತ, "ನಮಗೆ ಬೇಕಾಗಿರೋದೇ ಅದು."

ಹತ್ತಿಯುಂಡೆ ಕಚ್ಚಿಕೊಂಡು ಮೆಟ್ಟಿಲಿಳಿಯುವಾಗ ‘ಹಲ್ಲು ಹೋಯ್ತು, ಸೊಲ್ಲು ಉಳೀತು’ ಎಂಬುದೊಂದು ತಾನಾಗಿ ಹೊಳೆಯಿತು. ಹೊಳೆದದ್ದಕ್ಕೆ ಸಂತೋಷವೇನೂ ಆಗಲಿಲ್ಲ. ಶ್ಲೇಷೆಗಳು ಅವನಿಗೆ ಬಿಕ್ಕಳಿಕೆಯ ಹಾಗೆ ಕರೆಯದೆ ಬಂದು, ಎದೆಯನ್ನೊಮ್ಮೆ ಜಗ್ಗಿ, ಹೋಗುತ್ತಿದ್ದವು. ಶಿಕ್ಷಣ ವಿಭಾಗದಲ್ಲಿ ಅವನನ್ನು ಶ್ಲೇಷಪ್ಪ ಎನ್ನುತ್ತಿದ್ದರು, ನೆಗಡಿಯಾದ ದಿನ ಶ್ಲೇಷ್ಮಪ್ಪ. ಬೋಧನೆಯನ್ನು ಬಾಧನೆ ಎಂದವನು ಅವನು, ಪ್ರಶ್ನಾವಳಿಯನ್ನು ಪ್ರಶ್ನೆಹಾವಳಿ ಎಂದವನು ಅವನು. ವರ್ಷಾನುಗಟ್ಟಲೆ ತಾತ್ಕಾಲಿಕ ಉಪನ್ಯಾಸಕನಾಗಿಯೇ ಉಳಿದದ್ದಕ್ಕೆ ‘ತಾತ್ಕಾಲಿಕ ಅಂದರೆ ತಾತನಾಗೋ ಕಾಲದವರೆಗೆ’ ಎಂದು ವ್ಯಾಖ್ಯಾನ ಬರೆದು ಸಿಬ್ಬಂದಿ ಕೋಣೆಯನ್ನೆಲ್ಲ ನಗಿಸಿ, ಆಮೇಲೆ ಒಬ್ಬನೇ ಕೈತೊಳೆಯುವ ಕಡೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದವನೂ ಅವನೇ. ಶ್ಲೇಷೆಗಿಂತ ಅವನ ಮಿಮಿಕ್ರಿಗೆ ಗಿರಾಕಿ ಹೆಚ್ಚು. ಬೀಳ್ಕೊಡುಗೆಯಿರಲಿ, ಸ್ವಾಗತವಿರಲಿ, ಕೊನೆಯಲ್ಲಿ ಯಾರಾದರೂ ‘ಅವರದ್ದು ಮಾಡಿ, ಇವರದ್ದು ಮಾಡಿ’ ಎಂದು ಅವನ ಮೊಣಕೈ ಜಗ್ಗುತ್ತಿದ್ದರು. ಗ್ರಂಥಪಾಲಕರ ಪಿಸುಮಾತು, ಲೆಕ್ಕಾಧಿಕಾರಿಯ ಗದರಿಕೆ, ವಿಭಾಗದ ಮುಖ್ಯಸ್ಥರು ಫೋನಿನಲ್ಲಿ ಹೆಂಡತಿಗೆ ಹೂಂಗುಟ್ಟುವ ರೀತಿ ಎಲ್ಲವೂ ಅವನ ಗಂಟಲಿನಲ್ಲಿ ಬಾಡಿಗೆಗಿದ್ದವು. ಕುಲಪತಿಯವರೊಬ್ಬರನ್ನು ಮಾತ್ರ ಅವನು ಮನೆಯಿಂದ ಹೊರಗೆ ಮಾಡುತ್ತಿರಲಿಲ್ಲ. ಅದು ತಂಗಿಗಷ್ಟೇ ಮೀಸಲು. ಬಟ್ಟೆ ಮಡಚುವಾಗ, ಪಾತ್ರೆ ಒರೆಸುವಾಗ, ಹಾಲು ಉಕ್ಕಿದಾಗ, "ನೋಡೀ ಮಗೂ..." ಎಂದು ಶುರುಮಾಡಿದರೆ ಸಾಕು, ಅವಳು ಗೋಡೆ ಹಿಡಿದುಕೊಳ್ಳುತ್ತಿದ್ದಳು.

ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಮೊಬೈಲನ್ನು ಮಡಿಲ ಚೀಲಕ್ಕೆ ಒರಗಿಸಿಕೊಂಡು ಪಾಠ ನೋಡುತ್ತಿದ್ದಳು. ಒಂದು ಕಿವಿಯಲ್ಲಿ ಇಯರ್‌ಫೋನು, ಇನ್ನೊಂದು ಕಿವಿ ಇಳಿಯುವ ಸ್ಟಾಪಿಗಾಗಿ ಖಾಲಿ. ಸೋರಿ ಬರುತ್ತಿದ್ದ ಆ ಚೀರುದನಿ ಬೆದರಿದ ಗಿಳಿಯೊಂದು ಸುದ್ದಿ ಓದಿದಂತಿತ್ತು. ಯಾರೋ ಮೇಷ್ಟರನ್ನು ಎರಡರಷ್ಟು ವೇಗದಲ್ಲಿ ಓಡಿಸುತ್ತಿದ್ದಾಳೆ ಎಂದುಕೊಂಡು ಓರೆಗಣ್ಣಿನಿಂದ ನೋಡಿದರೆ ಪರದೆಯ ಮೂಲೆಯ ಅಂಚೆಚೀಟಿಯಷ್ಟು ಜಾಗದಲ್ಲಿ ಅವನೇ ಇದ್ದ. ಕೈಯಾಡಿಸುತ್ತಿದ್ದ, ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದ, ಎಲ್ಲವನ್ನೂ ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ. ಕಲಿಕೆಯ ಮನೋವಿಜ್ಞಾನ, ಮೂರನೆಯ ಪಾಠ. ಆ ಪಾಠದಲ್ಲಿ ಅವನಿಗೇ ಇಷ್ಟವಾದ ಒಂದು ಶ್ಲೇಷೆಯಿತ್ತು, ಅದು ಹತ್ತಿರ ಬರುತ್ತಿರುವುದು ಅವನಿಗೆ ಗೊತ್ತಾಯಿತು, ತಿರುವಿನ ಅಂಗಡಿಯ ಚಪ್ಪರ ನೋಡಿ ತನ್ನ ಬೀದಿ ಬಂತು ಎಂದು ತಿಳಿಯುವ ಹಾಗೆ. ಅಂಚೆಚೀಟಿಯೊಳಗಿನ ಅವನು ನಗೆಗೆ ಮುಂಚೆ ಬಿಡುವ ಸಣ್ಣ ಮೌನವನ್ನು ಬಿಟ್ಟ. ಅಷ್ಟರಲ್ಲಿ ಹುಡುಗಿಯ ಹೆಬ್ಬೆರಳು ಪರದೆಯ ಬಲಬದಿಯನ್ನು ಎರಡು ಸಲ ತಟ್ಟಿತು, ಪಾಠ ಹತ್ತು ಸೆಕೆಂಡು ಮುಂದಕ್ಕೆ ಹಾರಿತು, ಅವನು ಗಂಭೀರವಾಗಿ ಬೇರೇನನ್ನೋ ಹೇಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೌನ, ಮತ್ತೆ ತಟ್ಟು. ಅವಳು ನೋಡದೆಯೇ ತಟ್ಟುತ್ತಿದ್ದಳು. ಆ ಮೌನವನ್ನು ಅವಳ ಬೆರಳು ಕಲಿತುಬಿಟ್ಟಿತ್ತು. ಸಿಟ್ಟಿಲ್ಲ, ಬೇಸರವಿಲ್ಲ, ಹಲ್ಲುಜ್ಜುತ್ತಿರುವವರ ಮುಖದಲ್ಲಿರುವಷ್ಟೇ ಭಾವ. ‘ನಿಮಗೆ ಈ ಪಾಠ ತೃಪ್ತಿ ತಂದಿದೆಯೇ?’ ಎಂದು ಅವಳನ್ನು ಈಗ ಕೇಳಿದರೆ? ಬಾತ ಕೆನ್ನೆಯ, ಬಾಯಲ್ಲಿ ಹತ್ತಿ ತುರುಕಿಕೊಂಡ ಒಬ್ಬ ಗಂಡಸು ಬಸ್ಸಿನಲ್ಲಿ ತೃಪ್ತಿಯ ಬಗ್ಗೆ ವಿಚಾರಿಸಿದರೆ ಏನಾದೀತೋ ಅದೇ ಆಗುತ್ತಿತ್ತು. ಅವನು ಕಿಟಕಿಯ ಕಡೆ ತಿರುಗಿದ. ಬಾಯಂಚಿನಿಂದ ಏನೋ ಇಳಿಯುತ್ತಿತ್ತು. ಅಂಗಿಯ ಕಾಲರಿಗೆ ತಾಗಿದ ಮೇಲೆ ಅದು ಜೊಲ್ಲು ಎಂದು ತಿಳಿಯಿತು.

ತೃಪ್ತಿ ಎಂಬ ಪದದಿಂದಲೇ ಎಲ್ಲ ಶುರುವಾದದ್ದು. ಮೊದಲು ಮಾಡಿದ ಪ್ರಶ್ನೆಗಳಲ್ಲಿ ಅತ್ಯಂತ ತೃಪ್ತಿ, ತೃಪ್ತಿ, ಅತೃಪ್ತಿ, ಅತ್ಯಂತ ಅತೃಪ್ತಿ ಎಂದೆಲ್ಲ ಇತ್ತು. ಹೇಗಿದೆ ನೋಡೋಣವೆಂದು ಕೆಲವು ವಿದ್ಯಾರ್ಥಿಗಳಿಗೆ ಕಳಿಸಿದರೆ ಒಬ್ಬ ಬಂದು, "ಸಾರ್, ತೃಪ್ತಿ ಅನ್ನೋದು ಊಟ ಆದ್ಮೇಲೆ ಹೊಟ್ಟೆ ಸವರ್ಕೊಂಡು ಹೇಳೋ ಮಾತು, ಪಾಠಕ್ಕೆ ಯಾರ್ ಹೇಳ್ತಾರೆ?" ಎಂದ. ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಹೆಡ್ಡು, ಅವನ ಬಾಯಲ್ಲಿ ಆ ಡಕಾರ ಒಂದು ಕೂದಲೆಳೆಯಷ್ಟು ಹೆಚ್ಚು ಒತ್ತಿಕೊಂಡು, "ಆಡುಮಾತಿಗೆ ಇಳಿಸಿಬಿಡಿ. ಸಣ್ಣ ಪರದೆ, ಮೂರು ಬಟನ್ ಸಾಕು," ಎಂದರು. ಅವನು ಮೇಜಿನ ಮುಂದೆ ಕೂತು ‘ಸಾಲದು’ ಎಂದು ಒಂದು ಬಟನ್ ಮಾಡಿದ. ‘ಪರವಾಗಿಲ್ಲ’ ಎಂದು ಇನ್ನೊಂದು. ಮೂರನೆಯದಕ್ಕೆ ಬೆರಳು ತಾನಾಗಿ ‘ಸಾಕಾಗಿದೆ’ ಎಂದು ಒತ್ತಿತು. ಮೊಬೈಲಿನಲ್ಲಿ ಪಾಠ ಕೇಳಿ ನಿಮಗೆ ಹೇಗನ್ನಿಸಿದೆ? ಸಾಕಾಗಿದೆ. ಬೇಕಾದಷ್ಟು ಸಿಕ್ಕಿದೆ ಎಂದೂ ಆಯಿತು, ತಲೆ ಚಿಟ್ಟು ಹಿಡಿದಿದೆ ಎಂದೂ ಆಯಿತು. ಅವನಿಗೆ ಬಹಳ ದಿನಗಳ ಮೇಲೆ ಮೈಯೊಳಗೆ ಏನೋ ಸಣ್ಣಗೆ ಕಚಗುಳಿಯಾಯಿತು. ಹೆಡ್ಡು ಓದಿದ ತಕ್ಷಣ ಹಿಡಿಯುತ್ತಾರೆ, "ಏನ್ರೀ ಶ್ಲೇಷಪ್ಪ" ಎಂದು ಬೈಯುತ್ತಾರೆ, ಎಲ್ಲರೂ ನಗುತ್ತಾರೆ, ಆಮೇಲೆ ಬದಲಿಸಿದರಾಯಿತು ಎಂದುಕೊಂಡಿದ್ದ. ಹೆಡ್ಡು ಓದಿ, "ಸಾಲದು, ಸಾಕಾಗಿದೆ. ಸರಿಯಾದ ವಿರುದ್ಧ ಪದ. ಭೇಷ್," ಎಂದರು. ಸಮಿತಿಯವರು ಓದಿ ತಲೆಯಾಡಿಸಿದರು. ಪ್ರತಿ ಮೇಜಿನಿಂದಲೂ ತಮಾಷೆ ಒಂದೊಂದು ಸಹಿ ಹಾಕಿಸಿಕೊಂಡು ಗಂಭೀರವಾಗುತ್ತ ಬಂತು. ಕೊನೆಗೊಂದು ಬೆಳಿಗ್ಗೆ ಸಾವಿರಾರು ಮೊಬೈಲುಗಳು ಒಟ್ಟಿಗೆ ಟಿಣ್ ಎಂದವು. ಅವನು ಮಾತ್ರ ಆ ಬೆಳಿಗ್ಗೆ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು, ಯಾರಾದರೂ ನಗಲಿ ಎಂದು ಕಾಯುತ್ತಿದ್ದ.

ನಕ್ಕವಳು ತಂಗಿ. ಔಷಧಿ ಅಂಗಡಿಯಲ್ಲಿ ಹಗಲೆಲ್ಲ ನಿಂತು ಕೆಲಸ ಮಾಡಿ, ಸಂಜೆಗೆ ವಿಶ್ವವಿದ್ಯಾಲಯದ ತರಗತಿಗೆ ಓಡುವವಳು. ನಡುವೆ ಎಷ್ಟೋ ವರ್ಷ ಓದು ಬಿಟ್ಟು, ಮತ್ತೆ ಹಿಡಿದು, ತನಗಿಂತ ಚಿಕ್ಕವರ ನಡುವೆ ಎರಡನೆಯ ಬೆಂಚಿನಲ್ಲಿ ಕೂರುವವಳು. ವಾರದಲ್ಲಿ ಅರ್ಧ ಪಾಠ ಈಗಾಗಲೇ ಮೊಬೈಲಿಗೆ ಹೋಗಿತ್ತು. ಅಂಗಡಿಯ ಹಿಂದಿನ ದಾಸ್ತಾನು ಕೋಣೆಯಲ್ಲಿ, ಕೆಮ್ಮಿನ ಔಷಧದ ಡಬ್ಬಗಳ ಮೇಲೆ ಕೂತು, ಗೆರೆ ಬಿದ್ದ ಪರದೆಯಲ್ಲಿ ಅವಳು ಅದನ್ನು ನೋಡುತ್ತಿದ್ದಳು. ಒಂದು ದಿನ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ, "ಅಣ್ಣಾ, ಇವತ್ತು ಪ್ರಶ್ನೆ ಕೇಳೋಣ ಅಂತ ಕೈ ಎತ್ತಿದೆ. ಅದರಲ್ಲಿ ಕೈ ಎತ್ತೋದಂದ್ರೆ ಒಂದು ಹಳದಿ ಕೈ ಬರುತ್ತೆ. ಗಿರಾಕಿ ಬಂದ್ರು, ಹೋದೆ. ವಾಪಸ್ ಬಂದು ನೋಡಿದ್ರೆ ಪಾಠ ಮುಗ್ದು ಎಲ್ಲರೂ ಹೋಗಿದಾರೆ, ನನ್ನ ಹಳದಿ ಕೈ ಒಂದೇ ಎದ್ದು ನಿಂತಿದೆ," ಎಂದಿದ್ದಳು. ಅವನು ಆಗ ‘ಕೈ ಕೊಟ್ಟರು’ ಎಂದೋ ಏನೋ ಅಂದಿದ್ದ. ಸಮೀಕ್ಷೆ ಬಂದ ಸಂಜೆ ಅವಳು ಹೊಸ್ತಿಲಲ್ಲೇ ನಿಂತು ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. "ಇದು ನೀನೇ ಬರ್ದಿದ್ದು ತಾನೇ? ನಂಗೊತ್ತಾಯ್ತು ಬಿಡು. ಸಾಕಾಗಿದೆ ಅಂತ ಒತ್ತಿದೆ ನೋಡು, ಎರಡು ಸಲ ಒತ್ತೋಕೆ ಬಿಡ್ತಿದ್ರೆ ಎರಡು ಸಲ ಒತ್ತಿರ್ತಿದ್ದೆ. ನಮ್ಮ ಕ್ಲಾಸಿನೋರೆಲ್ಲ ಅದನ್ನೇ ಒತ್ತಿದಾರೆ. ಅಂತೂ ಒಬ್ಬರಾದ್ರೂ ನಾವು ಮಾತಾಡೋ ಹಾಗೆ ಕೇಳಿದ್ರಲ್ಲ ಅಂತ." ಆಮೇಲೆ ಚೀಲವನ್ನು ನೆಲಕ್ಕಿಟ್ಟು ಇನ್ನೊಮ್ಮೆ, ತನಗೇ ಎಂಬಂತೆ, "ಸಾಕಾಗಿದೆ," ಎಂದಳು. ಮೊದಲಕ್ಷರ ಆ ಚೀಲದ ಜೊತೆಗೇ ನೆಲಕ್ಕಿಳಿಯಿತು, ಉಳಿದವು ಉಸಿರಿನ ಹಿಂದೆ ಕಾಲೆಳೆದುಕೊಂಡು ಬಂದವು. ಅದರಲ್ಲಿ ಎರಡು ಅರ್ಥ ಇರಲಿಲ್ಲ. ಅವನಿಗೆ ಆಗ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಿದ್ದು ಇಷ್ಟೇ: ಈ ದನಿಯನ್ನು ನಾನು ಮಾಡಬಲ್ಲೆ. ಅವಳು, "ಸಭೇಲಿ ನೀನೇ ಎದ್ದು ಹೇಳ್ತೀಯಾ ತಾನೇ, ಕ್ಲಾಸ್ ಮುಚ್ಚಬೇಡಿ ಅಂತ?" ಎಂದು ಕೇಳಿದ್ದಳು. "ನೋಡೀ ಮಗೂ, ಹೇಳದೇ ಇರ್ತೀನೇನೂ..." ಎಂದು ಅವನು ಕುಲಪತಿಯಾಗಿ ಮಾತು ಕೊಟ್ಟಿದ್ದ. ಅವಳು ಗೋಡೆ ಹಿಡಿದುಕೊಂಡು ನಕ್ಕಿದ್ದಳು. ಸಮೀಕ್ಷೆಯ ಫಲಿತಾಂಶ ಬಂತು. ಐವರಲ್ಲಿ ನಾಲ್ವರು ಮೂರನೆಯ ಬಟನ್ ಒತ್ತಿದ್ದರು. ಹೆಡ್ಡು ಅದನ್ನು ಮತ್ತೆ ದೊಡ್ಡ ಭಾಷೆಗೆ ಏರಿಸಿ ‘ಸಂಪೂರ್ಣ ತೃಪ್ತಿ’ ಎಂದು ಬರೆದುಕೊಂಡಿದ್ದರು.

"ಇದೇನ್ರೀ ಮುಖ?" ಎಂದರು ಹೆಡ್ಡು, ಅವನು ಅವರ ಕೋಣೆಗೆ ಕಾಲಿಟ್ಟ ಕೂಡಲೇ. ಹಲ್ಲು ಕೀಳಿಸಿಕೊಂಡೆ ಎಂದು ಹೇಳಿದ. ಅದು ಬೇರೇನೋ ಆಗಿ ಕೇಳಿಸಿರಬೇಕು, ಅವರು ಕಿವಿ ಮುಂದೆ ತಂದು ಎರಡನೆಯ ಸಲ ಹೇಳಿಸಿಕೊಂಡರು. "ಅಯ್ಯೋ, ಬಾಯಿ ಬಾಯಾಗಿಲ್ಲ ನಿಮ್ಮದು. ಒಳ್ಳೇದೇ ಆಯ್ತು. ನಾನೇ ಓದ್ತೀನಿ, ನೀವು ಪಕ್ಕದಲ್ಲಿ ಕೂತು ಹೂಂ ಅಂದ್ರೆ ಸಾಕು. ನಿಮ್ಮ ಖಾಯಂ ವಿಷಯಾನೂ ಇವತ್ತೇ ಅದೇ ಮೇಜಿಗೆ ಬರ್ತಾ ಇದೆ. ಬಾಯಿ ಮುಚ್ಚಿಕೊಂಡಿರೋದಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಸಿಗುತ್ತಾ?" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಅವನಿಗೂ ಒಂದು ನಿರಾಳ ಬಂತು. ಭುಜದಿಂದ ಹೊಟ್ಟೆಯವರೆಗೆ ಅದು ನಿಧಾನವಾಗಿ ಹರಡಿದ್ದು ಆ ಸೂಜಿಯ ಔಷಧದ ಹಾಗೆಯೇ ಇತ್ತು. ತಂಗಿಗೆ ಹೇಳಬಹುದು: ಹಲ್ಲು ಕಿತ್ತಿದ್ದರು, ಬಾಯಿ ಬರಲಿಲ್ಲ. ಸುಳ್ಳೂ ಅಲ್ಲ. ಡಾಕ್ಟರ ಸಾಕ್ಷಿಯಿದೆ. ಕಿತ್ತ ಹಲ್ಲನ್ನು ಕಾಗದದಲ್ಲಿ ಸುತ್ತಿಸಿಕೊಂಡು ಬಂದಿದ್ದರೆ ಇನ್ನೂ ಚೆನ್ನಾಗಿತ್ತು. ಉದ್ದನೆಯ ಕಾರಿಡಾರಿನಲ್ಲಿ ಹೆಡ್ಡಿನ ಹಿಂದೆ ನಡೆಯುವಾಗ ಅವನು ಹೂಂ ಅಭ್ಯಾಸ ಮಾಡಿದ. ಹೂಂ ಎನ್ನಲು ತುಟಿ ಬೇಕು. ಅದೂ ಅರ್ಧವೇ ಬಂತು.

ಸಭೆಯ ಕೋಣೆಯಲ್ಲಿ ಎಲ್ಲರ ಮುಂದೆಯೂ ಮುಚ್ಚಳ ಹಾಕಿದ ನೀರಿನ ಲೋಟ, ಎಲ್ಲರ ಮೊಬೈಲೂ ಮಗುಚಿಟ್ಟದ್ದು. ಕುಲಪತಿಗಳು ಮೇಜಿನ ತುದಿಯಲ್ಲಿದ್ದರು. ದನಿಗೆ ಹೋಲಿಸಿದರೆ ಚಿಕ್ಕ ಮನುಷ್ಯರು, ಕೈಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಂಡು ಯಾವಾಗಲೂ ಚಳಿಯಲ್ಲಿರುವವರ ಹಾಗೆ ಕೂರುವವರು. ಪಕ್ಕದಲ್ಲಿ ಕಾರ್ಯದರ್ಶಿ, ಎದುರು ಲೆಕ್ಕಾಧಿಕಾರಿ ಮತ್ತು ಭಾಷಾ ವಿಭಾಗದ ಹಿರಿಯರು. ಹೆಡ್ಡು ಎದ್ದು ಓದಿದರು. ಐವರಲ್ಲಿ ನಾಲ್ವರು ವಿದ್ಯಾರ್ಥಿಗಳು ಮೊಬೈಲ್ ಕಲಿಕೆಯಿಂದ ಸಂಪೂರ್ಣ ತೃಪ್ತರಾಗಿದ್ದಾರೆ ಎಂಬ ವಾಕ್ಯ ಬಂದಾಗ ಲೆಕ್ಕಾಧಿಕಾರಿ ಆಗಲೇ ಸಂಜೆಯ ದೀಪಗಳನ್ನು ಆರಿಸಿದವರ ಹಾಗೆ ಕಣ್ಣು ಮುಚ್ಚಿ ತೆರೆದರು. ಅವನು ಮೇಜಿನ ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ. ಎಡಗೆನ್ನೆ ಯಾರೋ ನಗುತ್ತಿರುವಂತೆ ಉಬ್ಬಿತ್ತು, ಬಲಗೆನ್ನೆ ಸುಮ್ಮನಿತ್ತು. ಏನೋ ಒಂದು ಸದ್ದಾಯಿತು. ಎಲ್ಲರೂ ತನ್ನ ಕಡೆ ತಿರುಗಿದ್ದಾರೆ. ಅದು ತನ್ನ ಕುರ್ಚಿ ಹಿಂದಕ್ಕೆ ಸರಿದ ಸದ್ದು, ತಾನು ಎದ್ದು ನಿಂತಿದ್ದೇನೆ ಎಂದು ಅವನಿಗೆ ಆ ಮೇಲೆ ಗೊತ್ತಾಯಿತು.

"ಶರ್," ಎಂದ. "ಆ ಪದಕ್ಕೆ ಎಲಡು ಅರ್ಥ ಇದೆ ಶರ್. ಅವರು ಒತ್ತಿದ್ದು ತೃಪ್ತಿ ಅಲ್ಲ."

ಹೆಡ್ಡು ಅವನ ಅಂಗಿಯ ತುದಿಯನ್ನು ಮೇಜಿನ ಕೆಳಗಿನಿಂದ ಜಗ್ಗಿದರು. ಭಾಷಾ ವಿಭಾಗದ ಹಿರಿಯರಿಗೆ ಮಾತ್ರ ಆಸಕ್ತಿ ಬಂತು. "ಯಾವ ಪದ? ಸಾಕಾಗಿದೆ? ನೋಡಿ, ಸಾಕಾಗಿ ಹೋಗಿದೆ ಅಂದ್ರೆ ಬೇಸರ. ಬರೀ ಸಾಕಾಗಿದೆ ಅಂದ್ರೆ ಸಮಾಧಾನ. ನಿಮ್ಮ ಬಟನ್ನಿನಲ್ಲಿ ‘ಹೋಗಿದೆ’ ಎಲ್ಲಿಗೆ ಹೋಯ್ತು?" ಎಂದು ಕೇಳಿ ಸುತ್ತ ನೋಡಿದರು. ನಗೆ ಬಂತು, ಅವರಿಗೆ ಬರಬೇಕಾದಷ್ಟು.

"ದನೀಲಿದೆ ಶರ್. ಹೇಳೋ ದನೀಲಿ."

"ಹಾಗಾದ್ರೆ ಮಾಡಿ ತೋರ್ಸಿ," ಎಂದರು ಲೆಕ್ಕಾಧಿಕಾರಿ. "ಅದರಲ್ಲಿ ನೀವು ಎತ್ತಿದ ಕೈ ಅಲ್ವಾ? ನಂದೂ ಮಾಡ್ತೀರಂತೆ."

ಇಷ್ಟು ವರ್ಷ ಬರೀ ನಗೆಗೆಂದು ಮಾಡಿಕೊಂಡು ಬಂದ ವಿದ್ಯೆ ಈಗ ಮೊದಲ ಸಲ ಕೆಲಸಕ್ಕೆ ಬೇಕಾಗಿತ್ತು. ಅವನು ಕಣ್ಣು ಮುಚ್ಚಿದ. ಮೊದಲನೆಯದು ಸುಲಭ, ಉಂಡೆದ್ದವನ ಮಾತು, ಅಂಗೈ ಅಡ್ಡ ಹಿಡಿದು ಇನ್ನು ಬೇಡ ಎನ್ನುವವನ ದುಂಡಗಿನ ಸಾಕು. ಎರಡನೆಯದು ತಂಗಿಯದು. ಚೀಲ ನೆಲಕ್ಕಿಳಿಯುತ್ತದೆ, ಜೊತೆಗೆ ಮೊದಲಕ್ಷರ. ಎರಡೂ ಅವನ ಕಿವಿಯೊಳಗೆ ಬೇರೆಬೇರೆಯಾಗಿ, ಸ್ವಚ್ಛವಾಗಿ ಕೇಳಿಸುತ್ತಿದ್ದವು. "ಶಾಕಾಗಿದೆ," ಎಂದ. ಉಸಿರು ಬದಲಿಸಿಕೊಂಡು ಮತ್ತೆ, "ಶಾಕಾಗಿದೆ," ಎಂದ. ಎರಡೂ ಒಂದೇ ಅಚ್ಚಿನಿಂದ ಬಿದ್ದ ಸಾಬೂನಿನ ಹಾಗೆ ಜಾರಿ ಮೇಜಿನ ಮೇಲೆ ಬಿದ್ದವು.

"ಯಾರಿಗ್ರೀ ಶಾಕು?" ಎಂದರು ಲೆಕ್ಕಾಧಿಕಾರಿ. ಈ ಸಲ ಕೋಣೆ ಪೂರ್ತಿ ನಕ್ಕಿತು. ಹೆಡ್ಡು ಕೂಡ ನಕ್ಕು, "ಮೂರನೇ ಅರ್ಥ! ಬಿಡಲ್ಲ ನೋಡಿ ನಮ್ಮ ಶ್ಲೇಷಪ್ಪ, ಹಲ್ಲು ಕಿತ್ತ ದಿನಾನೂ ಬಿಡಲ್ಲ," ಎಂದರು. "ತಮಾಷೆ ಅಲ್ಲ," ಎಂದು ಅವನು ಹೇಳಿದ. "ಮೊದಲು ತಮಾಷೆ ಆಗಿತ್ತು. ನಾಣೇ ಬೇಕಂತ ಇಟ್ಟೆ. ಈಗ ಅಲ್ಲ." ಇದಕ್ಕೂ ನಕ್ಕರು. ತನ್ನ ದನಿ ಏರುತ್ತಿರುವುದು, ಬಾಯಂಚಿನಲ್ಲಿ ಮತ್ತೆ ಒದ್ದೆಯಾಗುತ್ತಿರುವುದು, ಕಾರ್ಯದರ್ಶಿ ಸೌಜನ್ಯಕ್ಕೆ ಬೇರೆ ಕಡೆ ನೋಡುತ್ತಿರುವುದು, ಎಲ್ಲ ಅವನಿಗೆ ಗಾಜಿನಾಚೆ ನಡೆದಂತೆ ಕಾಣಿಸುತ್ತಿತ್ತು. ನಗದಿದ್ದವರು ಕುಲಪತಿಗಳೊಬ್ಬರೇ. ಅವರು ಹೆಣೆದ ಬೆರಳು ಬಿಡಿಸಿ ಕೈಯೆತ್ತಿದರು. "ನೋಡೀ ಮಗೂ," ಎಂದರು ಅವನಿಗೆ. ಆ ದನಿ ಅದರ ಮೂಲ ಗಂಟಲಿನಿಂದ ಬಂದಾಗ ಅವನಿಗೆ ಒಂದು ಕ್ಷಣ, ಇದನ್ನು ನಾನು ಇನ್ನೂ ಚೆನ್ನಾಗಿ ಮಾಡ... ಎಂದು ಯೋಚನೆ ಶುರುವಾಗಿ ಅಲ್ಲೇ ನಿಂತಿತು. "ಅವರ ದನೀಲೇ ಕೇಳಿದ್ರಾಯ್ತಪ್ಪಾ. ಸಂಜೆ ತರಗತಿಯವರು ಯಾರಾದ್ರೂ ಒಬ್ಬರಿಗೆ ಫೋನ್ ಮಾಡೀ. ಎಲ್ಲರಿಗೂ ಕೇಳೋ ಹಾಗಿಡೀ."

ಎಷ್ಟೋ ನಂಬರುಗಳಿದ್ದವು. ಅವನ ಬೆರಳು ತಂಗಿಯದನ್ನೇ ಒತ್ತಿತು. ಆ ಪದವನ್ನು ಸರಿಯಾಗಿ ಹೇಳಬಲ್ಲ ಒಂದು ಗಂಟಲು ಅವನಿಗೆ ಗೊತ್ತಿದ್ದದ್ದು ಅದೇ. ಮೊಬೈಲನ್ನು ಮೇಜಿನ ನಡುವೆ, ನೀರಿನ ಲೋಟಗಳ ಮಧ್ಯೆ ಇಟ್ಟ. ಮಾತ್ರೆಯ ಹಾಳೆ ಕತ್ತರಿಸುವ ಚರಚರ ಮೊದಲು ಬಂತು, ಆಮೇಲೆ ಅವಳು. "ಹೇಳಣ್ಣಾ."

"ಅಲೋ. ನಾಣು. ಇಲ್ಲಿ ಶಭೇಲಿ..."

"ಇದ್ಯಾರಪ್ಪ ಹೊಸ ಪಾತ್ರ? ಬಾಯಲ್ಲಿ ಬಟ್ಟೆ ತುರುಕಿಕೊಂಡಿರೋನು!"

ಕುಲಪತಿಗಳು ಮುಂದಕ್ಕೆ ಬಾಗಿದರು. "ನೋಡೀ ಮಗೂ, ನಾನು ಕುಲಪತಿ ಮಾತಾಡ್ತಾ ಇದ್ದೀನೀ. ನಿಮಗೆ ಈ ಮೊಬೈಲ್ ಪಾಠ ಹೇಗನ್ನಿಸಿದೇ? ಧೈರ್ಯವಾಗಿ ಹೇಳೀ."

ಆ ಕಡೆ ಮೂಗಿನಿಂದ ಒಂದು ನಗೆ ಚಿಮ್ಮಿ, ಅದನ್ನು ಅವಳು ಒತ್ತಿಹಿಡಿದು, ನಾಟಕದ ದನಿ ತೆಗೆದಳು. "ಪೂಜ್ಯರೇ! ಅಡ್ಡಬಿದ್ದೆ. ಪರಮ ತೃಪ್ತಿಯಾಗಿದೆ ಪೂಜ್ಯರೇ, ಹೊಟ್ಟೆ ತುಂಬಿ ತೇಗು ಬಂತು. ಕ್ಲಾಸ್‌ರೂಮು, ಬೆಂಚು, ಮೇಷ್ಟ್ರು ಎಲ್ಲಾ ಶುದ್ಧ ದಂಡ. ಫೋನೊಂದಿದ್ರೆ ಮೋಕ್ಷ!"

"ನಾಣಲ್ಲ," ಎಂದು ಅವನು ಮೇಜಿನ ಮೇಲೆ ಬಗ್ಗಿ ಕೂಗಿದ. "ಅದು ನಾಣಲ್ಲ, ಅವರೇ, ಣಿಜವಾಗ್ಲೂ..."

"ಅಬ್ಬಬ್ಬಾ, ಒಂದೇ ಬಾಯಲ್ಲಿ ಇಬ್ಬಿಬ್ಬರು! ಆದ್ರೆ ಅಣ್ಣಾ, ಕುಲಪತಿ ಇವತ್ತು ಥೇಟ್. ಆ ‘ಮಗೂ’ ಅನ್ನೋದನ್ನ ಮಾತ್ರ ಇನ್ನೊಂಚೂರು ಎಳೀಬೇಕಿತ್ತು. ಗಿರಾಕಿ ಬಂದ್ರು, ಇಡ್ತೀನಿ." ಮೊಬೈಲು ಕಪ್ಪಾಯಿತು.

ಲೋಟದ ಮುಚ್ಚಳವೊಂದನ್ನು ಯಾರೋ ತೆಗೆದು, ಸದ್ದಾದೀತೆಂದು ಹಾಗೇ ಕೈಯಲ್ಲಿ ಹಿಡಿದಿದ್ದರು. "ಯಾರು ಇವರು?" ಎಂದು ಕುಲಪತಿಗಳು ಕೇಳಿದರು. ತಂಗಿ ಎಂದ. "ಸ್ವಂತ ತಂಗಿ?" ಹೌದೆಂದು ತಲೆಯಾಡಿಸಿದ. "ನನ್ನನ್ನೂ ಮಾಡ್ತೀರಿ." ಅದು ಪ್ರಶ್ನೆಯಾಗಿರಲಿಲ್ಲ, ಆದರೂ ತಲೆಯಾಡಿಸಿದ. ಅವರು ಬೆರಳುಗಳನ್ನು ಮತ್ತೆ ಹೆಣೆದುಕೊಂಡು ಅವುಗಳನ್ನೇ ನೋಡಿದರು. "ಎಳೀಬೇಕಂತೆ," ಎಂದರು, ಯಾರಿಗೂ ಅಲ್ಲದ ಹಾಗೆ. ಆ ಒಂದು ಪದದಲ್ಲಿ ಏನನ್ನೂ ಎಳೆದಿರಲಿಲ್ಲ, ಕತ್ತರಿಸಿದ ಹಾಗಿತ್ತು. ಕಾರ್ಯದರ್ಶಿ ಪೆನ್ನು ಹಿಡಿದು, "ಫೋನಿನಲ್ಲಿ ಸಂಪರ್ಕಿಸಿದ ವಿದ್ಯಾರ್ಥಿನಿಯೂ ಪರಮ ತೃಪ್ತಿ ವ್ಯಕ್ತಪಡಿಸಿದರು ಅಂತ ಹಾಕ್ಲಾ ಸಾರ್? ಅಥವಾ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಅಥವಾದಲ್ಲಿ ಇನ್ನೂ ಬಾಗಿಲು ತೆರೆದೇ ಇತ್ತು, ಕೋಣೆಯಲ್ಲಿದ್ದ ಎಲ್ಲರಿಗೂ ಅದು ಕಾಣುತ್ತಿತ್ತು. "ಅವರು ಹಾಗೇ ತಾನೇ ಹೇಳಿದ್ದು," ಎಂದರು ಕುಲಪತಿಗಳು. "ಮುಂದಿನ ವಿಷಯ." ಮುಂದಿನ ವಿಷಯ ಅವನದೇ ಆಗಿತ್ತು. ಅದನ್ನು ಮುಂದಕ್ಕೆ ಹಾಕಲಾಯಿತು. ಹೆಡ್ಡು ಅವನ ಅಂಗಿಯ ತುದಿಯನ್ನು ಯಾವಾಗಲೋ ಬಿಟ್ಟಿದ್ದರು.

ಸಂಜೆಯ ತರಗತಿ ಶುರುವಾಗುವ ಮುಂಚೆ ಕಾರಿಡಾರಿನಲ್ಲಿ ಗದ್ದಲವೋ ಗದ್ದಲ. ಕೆಲಸ ಮುಗಿಸಿ ಬಂದವರು, ಕುತ್ತಿಗೆಯಿಂದ ಬ್ಯಾಂಕಿನ ಗುರುತುಚೀಟಿಯನ್ನು ಇನ್ನೂ ತೆಗೆಯದವರು, ಕೈಗೆ ಹತ್ತಿದ ಬಣ್ಣ ತೊಳೆಯದವರು, ನಿಂತೇ ಬನ್ನು ತಿನ್ನುವವರು. ಬೋರ್ಡನ್ನು ಯಾರೋ ಒರೆಸುತ್ತಿದ್ದರು, ಸೀಮೆಸುಣ್ಣದ ಪುಡಿ ಬಾಗಿಲವರೆಗೆ ತೇಲಿ ಬರುತ್ತಿತ್ತು. ಅವನು ಕಂಬಕ್ಕೊರಗಿ ನಿಂತಿದ್ದ. ನಾಲಗೆಯ ರಜೆ ಹೋದ ಅರ್ಧ ಸಭೆ ಮುಗಿದ ಮೇಲೆ ಮರಳಿ ಬಂದು ಕಿತ್ತ ಜಾಗವನ್ನು ಬಿಡದೆ ಮುಟ್ಟಿ ನೋಡುತ್ತಿತ್ತು. ನೋವಿತ್ತು. ಆದರೆ ಅದು ಪಕ್ಕದ ಮನೆಯಲ್ಲಿ ಹಾಕಿದ ಹಾಡಿನಷ್ಟು ದೂರದಲ್ಲಿತ್ತು. ಹೇಳಬೇಕಾದ್ದನ್ನು ಅಲ್ಲೇ ನಿಂತು ಎಷ್ಟೋ ಸಲ ಜೋಡಿಸಿಕೊಂಡಿದ್ದ. ಎಲ್ಲಿಂದ ಶುರುಮಾಡಿದರೂ ವಾಕ್ಯ ಒಂದು ಶ್ಲೇಷೆಯ ಹತ್ತಿರ ಬಂದು ಬಾಲ ಅಲ್ಲಾಡಿಸಿ ನಿಲ್ಲುತ್ತಿತ್ತು. ತಂಗಿ ಮೆಟ್ಟಿಲು ಹತ್ತಿ ಬರುವುದು ಕಾಣಿಸಿತು. ದೂರದಿಂದಲೇ ನಗುತ್ತಿದ್ದಳು.

"ಏನಣ್ಣ, ಹಾಡುಹಗಲೇ ನಾಟಕ! ಅಂಗಡೀಲಿ ಎಲ್ಲರೂ ನನ್ನೇ ನೋಡ್ತಿದ್ರು. ಪರಮ ತೃಪ್ತಿ, ಹೇಗಿತ್ತು ನಂದು? ನಿನ್ನ ತಂಗಿ ಅಲ್ವಾ ನಾನು?" ಎಂದಳು. ಆಮೇಲೆ ಬಾಗಿಲಲ್ಲಿದ್ದವರನ್ನು ಕೈಬೀಸಿ ಕರೆದಳು. "ಬನ್ರೇ, ಬನ್ರೋ, ಕೇಳಿ. ನಮ್ಮಣ್ಣ ಕುಲಪತಿ ಮಾಡ್ತಾನೆ. ಮನೇಲಿ ಮಾತ್ರ ಮಾಡೋದು, ಇವತ್ತು ನನಗೋಸ್ಕರ ಇಲ್ಲಿ. ಮಾಡಣ್ಣ, ಒಂದೇ ಒಂದು ಸಲ."

ಅವರು ಸುತ್ತ ನಿಂತರು. ಬನ್ನು ತಿನ್ನುತ್ತಿದ್ದವನು ಅಗಿಯುವುದನ್ನು ನಿಲ್ಲಿಸಿದ. "ಇವತ್ತು ಬೇಡ," ಎನ್ನಲು ಅವನು ಬಾಯಿ ತೆರೆದ. ಬೆರಳುಗಳು ಎದೆಯ ಮುಂದೆ ಒಂದರೊಳಗೊಂದು ಹೆಣೆದುಕೊಂಡವು, ಭುಜಗಳು ಚಳಿಗೆ ಕುಗ್ಗಿದವು, ಗಂಟಲಿನ ಬಾಡಿಗೆದಾರ ತಾನಾಗಿ ಎದ್ದು ಬಂದ. "ನೋಡೀ ಮಕ್ಕಳೇ," ಎಂದ. ಕಾರಿಡಾರು ಸಿಡಿದು ನಕ್ಕಿತು. ತಂಗಿ ಕಂಬ ಹಿಡಿದುಕೊಂಡಳು. "ಇವತ್ತು ಮಧ್ಯಾಹ್ನದ ಸಭೇಲಿ ತೀರ್ಮಾನ ಆಗಿದೇ. ನೀವೆಲ್ಲಾ ಬಹಳ ತೃಪ್ತಿಯಾಗಿದ್ದೀರೀ..." ಚಪ್ಪಾಳೆ. "ಆದ್ದರಿಂದ ಮುಂದಿನ ತಿಂಗಳಿಂದ ಸಂಜೆ ತರಗತಿ ಇರೋದಿಲ್ಲಾ. ಈ ಕೋಣೆಗೆ ಬೀಗ ಹಾಕ್ತೀವೀ. ಪಾಠ ಎಲ್ಲಾ ಮೊಬೈಲಿನಲ್ಲೇ ಬರುತ್ತೇ. ನೀವು ಎಲ್ಲಿದ್ದೀರೋ ಅಲ್ಲೇ ಇರೀ..." ಬ್ಯಾಂಕಿನವನು ನಕ್ಕು ನಕ್ಕು ಕಣ್ಣೊರೆಸಿಕೊಂಡ, ಯಾರೋ ಮೊಬೈಲು ಎತ್ತಿ ರೆಕಾರ್ಡು ಮಾಡತೊಡಗಿದರು. ಇಷ್ಟು ಚೆನ್ನಾಗಿ ಅದು ಯಾವತ್ತೂ ಬಂದಿರಲಿಲ್ಲ. ಎಳೆಯಬೇಕಾದ್ದೆಲ್ಲ ಎಳೆದುಕೊಂಡು, ಕೊನೆಯ ಅಕ್ಷರಗಳು ಬಿಸಿಲಿಗೆ ಹಾಕಿದ ರಬ್ಬರಿನ ಹಾಗೆ ಉದ್ದವಾಗುತ್ತಿದ್ದವು. ಹೇಳುವುದೆಲ್ಲ ಮುಗಿದಿತ್ತು, ಆದರೂ ಆ ದನಿ ಬಿಟ್ಟು ಹೋಗಲು ಒಪ್ಪದೆ, "ಹೌದು ಮಕ್ಕಳೇ, ನಿಜವಾಗ್ಲೂ," ಎಂದಿತು. ಅದಕ್ಕೇ ಎಲ್ಲಕ್ಕಿಂತ ಜೋರಾಗಿ ನಕ್ಕರು.

ತಂಗಿ ನಗುತ್ತಿರಲಿಲ್ಲ. ಯಾವಾಗ ನಿಲ್ಲಿಸಿದಳೋ ಅವನು ಗಮನಿಸಿರಲಿಲ್ಲ. ಕಂಬ ಬಿಟ್ಟು ಹತ್ತಿರ ಬಂದು ಅವನ ಬಾತ ಕೆನ್ನೆಯನ್ನು, ಕಾಲರಿನ ಮೇಲೆ ಒಣಗಿದ ಕಲೆಯನ್ನು ನೋಡಿದಳು.

"ಈಗ ನಿನ್ನ ದನೀಲಿ ಹೇಳು," ಎಂದಳು.

ಅವನು ಹೇಳಿದ. ಅಷ್ಟು ಚೆನ್ನಾಗಿ ಬರಲಿಲ್ಲ.

"ಹಾಗಾದ್ರೆ ಮಧ್ಯಾಹ್ನ, ಫೋನಲ್ಲಿ?"

"ಅವರೇ."

ಹಿಂದಿನಿಂದ ಯಾರೋ ಒನ್ಸ್ ಮೋರ್ ಎಂದು ಕೂಗಿದರು, ಇನ್ನೊಬ್ಬರು ಸಿಳ್ಳೆ ಹಾಕಿದರು. ಅವಳು ಅವರ ಕಡೆ ತಿರುಗಿ, ಅಂಗಡಿ ಮುಚ್ಚುವ ಹೊತ್ತಿಗೆ ಬಂದ ಗಿರಾಕಿಗೆ ಹೇಳುವವರ ಹಾಗೆ, "ಮುಗೀತು, ಒಳಗೆ ನಡೀರಿ," ಎಂದಳು.